ಮಕ್ಕಳ ಪಾಲಿನ ಉಪಾಧ್ಯಾಯ

1823ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ, ಅಂದಿನ ಬಳ್ಳಾರಿ ಜಿಲ್ಲೆಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ಎಂಬಾತನು, ಮದರಾಸಿನ ಗವರ್ನರ್ ಥಾಮಸ್ ಮನ್ರೋವಿನ ಅಪ್ಪಣೆಯಂತೆ ತನ್ನ ಸೀಮೆಯ ದೇಶೀಯ ಪಾಠಶಾಲೆಗಳ ಸ್ಥಿತಿಗತಿಗಳನ್ನು ವಿಚಾರಿಸಿ, ಒಂದು ದೀರ್ಘವಾದ ವರದಿಯನ್ನು ಬರೆದು ಕಳುಹಿಸಿದನು. ಕನ್ನಡ ನಾಡಿನ ಉಪಾಧ್ಯಾಯರ ಪೂರ್ವವೃತ್ತಾಂತವನ್ನು ತಿಳಿಯಬಯಸುವವರು ಮೊದಲು ಓದಬೇಕಾದ ಕಾಗದ ಅದು. 9,27,857 ಜನರಿದ್ದ ಆ ಜಿಲ್ಲೆಯಲ್ಲಿ (ಈಗಿನ ಅನಂತಪುರದ ಭಾಗವೂ ಆಗ ಅದರೊಳಗೇ ಸೇರಿದ್ದಿತು) 533 ಪಾಠಶಾಲೆಗಳಿದ್ದುವು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳುಗಳವು. ಇಂಗ್ಲಿಷಿನದು ಒಂದೇ ಒಂದು. ಓದುತ್ತಿದ್ದ ಮಕ್ಕಳು 6,641. ಎಂದರೆ ಶಾಲೆಯೊಂದಕ್ಕೆ ಸರಾಸರಿ ಹನ್ನೆರಡು ಮಂದಿ.

ಆ ಶಾಲೆ ಬೆಳಗಿನ ಆರು ಗಂಟೆಗೇ ಆರಂಭವಾಗುತ್ತಿದ್ದಿತು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುವುದು ಅವನಿಗೆ ಸಲ್ಲುವ ಮರ್ಯಾದೆ. ಎರಡನೆಯವನ ಕೈಗೆ ಸೊನ್ನೆ, ಅವನು ಹೊಗಳಿಕೆಗೂ ಪಾತ್ರನಲ್ಲ, ತೆಗಳಿಕೆಗೂ ಪಾತ್ರನಲ್ಲ ಎಂಬುದರ ಗುರುತು. ಮೂರನೆಯವನಿಗೆ ಮೆಲ್ಲನೆಯ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಅಲ್ಲಿಂದ ಮುಂದೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಅಕ್ಷರಾಭ್ಯಾಸ ಮರಳಿನ ಮೇಲೆ ಬೆರಳಿನಿಂದ; ಕೈ ಕುದುರಿದ ಮೇಲೆ ಹಲಗೆ ಅಥವಾ ಕಡತ. ಬಟ್ಟೆಯನ್ನು ಗಂಜಿಯಲ್ಲಿ ಅದ್ದಿ ಬಿರುಸುಮಾಡಿ, ಪುಸ್ತಕದಂತೆ ಮಡಿಕೆಮಡಿಕೆಯಾಗಿ ಮಡಚಿ, ಇದ್ದಿಲಿನ ಪುಡಿಗೆ ಅಂಟನ್ನು ಕೂಡಿಸಿ ಬಳಿದು ಒಣಗಿಸಿದರೆ ಕಡತ ಸಿದ್ಧವಾಗುತ್ತಿದ್ದಿತು. ಅದರ ಮೇಲೆ ಬಳಪದಿಂದ ಬರೆದು, ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಬರೆಯಬಹುದಾಗಿದ್ದಿತು. ಪಾಠ ಒಪ್ಪಿಸದ ಸೋಮಾರಿಗೆ ಕೋದಂಡ ಕಾದಿರುತ್ತಿದ್ದಿತು: ಎರಡೂ ಕೈಗಳನ್ನು ಹಗ್ಗದಿಂದ ಬಿಗಿದು ಸೂರಿನ ತೊಲೆಗೆ ತೂಗುಹಾಕುವ ಶಿಕ್ಷೆ ಅದು, ಅದಲ್ಲವಾದರೆ ಎಡೆಬಿಡದೆ ಬಸ್ಕಿ. ಈ ಶಿಕ್ಷೆಗಳನ್ನೂ ಕ್ಯಾಂಬೆಲ್ ಮರೆಮಾಚದೆ ಬರೆದಿರುವನು.

ಆ ವರದಿಯಲ್ಲಿ ನನ್ನ ಮನಸ್ಸನ್ನು ಬಹಳವಾಗಿ ಸೆಳೆಯುವುದು ಬೇರೊಂದು ಸಂಗತಿ. ಐಗಳೆನಿಸಿದ್ದ ಉಪಾಧ್ಯಾಯ ಒಬ್ಬನೇ, ಅವನ ಮುಂದೆ ಕುಳಿತವರೋ, ಐದು ವರ್ಷದ ಎಳೆಯ ಕೂಸಿನಿಂದ ಹಿಡಿದು ಅಮರಕೋಶವನ್ನೂ ಶಬ್ದಮಣಿದರ್ಪಣವನ್ನೂ ಒಪ್ಪಿಸುವ ಪ್ರೌಢರವರೆಗೆ ನಾನಾ ವಯಸ್ಸಿನ, ನಾನಾ ಮಟ್ಟದ ಹುಡುಗರು. ಇಷ್ಟೂ ಮಂದಿಗೆ ಆತ ಪಾಠ ಹೇಳುತ್ತಿದ್ದ ಬಗೆಯೆಂದರೆ, ಮೇಲಿನ ಗುಂಪಿನವರನ್ನು ತಾನೇ ನೋಡಿಕೊಂಡು, ಕೆಳಗಿನವರನ್ನು ಅವರಿಗಿಂತ ಸ್ವಲ್ಪ ಮುಂದುವರಿದ ಹುಡುಗರ ವಶಕ್ಕೆ ಒಪ್ಪಿಸುವುದು. ಮಗ್ಗಿಯನ್ನು ನಿನ್ನೆ ಕಲಿತವನು ಇಂದು ಕಲಿಯುವವನಿಗೆ ಹೇಳಿಕೊಡುವನು. ಹಾಗೆ ಹೇಳಿಕೊಡುವಾಗ ತಾನು ಕಲಿತದ್ದನ್ನು ಗಟ್ಟಿಮಾಡಿಕೊಳ್ಳುವನು. ಈ ಪದ್ಧತಿ ಮೆಚ್ಚತಕ್ಕದ್ದೆಂದೂ, ಇಂಗ್ಲೆಂಡಿನಲ್ಲಿ ಇದನ್ನು ಅನುಕರಿಸಿದ್ದು ಉಚಿತವೇ ಎಂದೂ ಆ ಕಲೆಕ್ಟರನು ಒಪ್ಪಿಕೊಂಡನು. ಮದರಾಸಿನ ಎಗ್ಮೋರಿನಲ್ಲಿ ಅನಾಥ ಬಾಲಕರ ಆಶ್ರಮದ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು, ನಮ್ಮ ದೇಶದ ಮಕ್ಕಳು ಮರಳಿನ ಮೇಲೆ ಬರೆಯುತ್ತಿದ್ದುದನ್ನು ಕಂಡು, ತನ್ನ ಶಾಲೆಯಲ್ಲಿಯೂ ಮರಳನ್ನು ಹರವಿ, ಹಿರಿಯ ಹುಡುಗರಿಂದ ಕಿರಿಯರಿಗೆ ಪಾಠ ಹೇಳಿಸಿ, 1797ರಲ್ಲಿ ಲಂಡನ್ನಿನಲ್ಲಿ ಅದನ್ನು ಕುರಿತು ಪುಸ್ತಕವನ್ನು ಅಚ್ಚುಹಾಕಿಸಿದ್ದನು. ಮದರಾಸ್ ಪದ್ಧತಿಯೆಂದು ಆ ದೇಶದ ಬಡಮಕ್ಕಳ ಶಾಲೆಗಳಲ್ಲಿ ಹಬ್ಬಿದ ಕ್ರಮಕ್ಕೆ ಇದೇ ಮೂಲ.

ಕೂಲಿಮಠವೆನಿಸಿದ್ದ ಈ ಹಳೆಯ ಶಾಲೆಯ ಐಗಳು ಸರಕಾರದ ನೌಕರನಾಗಿರಲಿಲ್ಲ. ಮಕ್ಕಳ ಮನೆಯವರು ತಿಂಗಳಿಗಿಷ್ಟೆಂದು ಕೊಡುವ ಚಿಲ್ಲರೆ ಕಾಸು, ಸುಗ್ಗಿಯಲ್ಲಿ ಅಳೆಯುವ ಧಾನ್ಯ, ಹಬ್ಬಹರಿದಿನಗಳ ಎಲೆ ಅಡಿಕೆ ದಕ್ಷಿಣೆಗಳು, ಇವೇ ಅವನ ಸಂಬಳ. ಮಹಾನವಮಿಯ ದಿನಗಳಲ್ಲಿ ಶಿಷ್ಯರನ್ನು ಹಿಂದಿಟ್ಟುಕೊಂಡು ಮನೆಮನೆಗೆ ಹೋಗಿ ಚೌಪದಗಳನ್ನು ಹಾಡಿಸುವುದೂ, ಗೃಹಸ್ಥರು ಯಥಾಶಕ್ತಿ ಕೊಟ್ಟು ಕಳುಹುವುದೂ ವಾಡಿಕೆಯಾಗಿದ್ದಿತು. ಕುಂದಾಪುರದ ಕಡೆ ನವರಾತ್ರಿಯಲ್ಲಿ ಹುಡುಗರು ಆಡುವ ಹೂವಿನಕೋಲು ಇದೇ ಬಳಗದ್ದು. ದೇವಾಲಯದ ಜಗುಲಿಯೋ ಊರ ಗೌಡರ ಪಡಸಾಲೆಯೋ ಶಾಲೆಯಾಗಿ, ಬೆಳಗಿನಿಂದ ಸಂಜೆಯವರೆಗೆ ಆತ ಅಲ್ಲಿಯೇ ಇರುತ್ತಿದ್ದನು. ಹುಡುಗನ ಅಕ್ಷರವನ್ನು ಬಲ್ಲಂತೆ ಅವನ ಮನೆಯ ಒಲೆ ಉರಿದುದನ್ನೂ ಉರಿಯದುದನ್ನೂ ಬಲ್ಲನು.

ಹಾಗೆಂದು ಆ ಕಾಲವನ್ನು ಹೊಗಳಿ ಕಣ್ಣೀರು ಹಾಕುವವರ ಗುಂಪಿಗೆ ನಾನು ಸೇರಲಾರೆನು. ಆ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಅರುವತ್ತು ಮಂದಿ ಮಾತ್ರ. ಸಾವಿರ ಜನರಲ್ಲಿ ಏಳು ಮಂದಿಯೂ ಶಾಲೆಯಲ್ಲಿರಲಿಲ್ಲ. ಊರ ಹೊರಗಿನ ಕೇರಿಗಳ ಮಕ್ಕಳಿಗೆ ಆ ಜಗುಲಿಯ ಮೆಟ್ಟಿಲೂ ದೂರವಾಗಿದ್ದಿತು. ಓದುವವರೂ ಅರ್ಥವನ್ನು ಅರಿಯದೆ ಪದ್ಯಗಳನ್ನು ಬಾಯಿಪಾಠ ಮಾಡುತ್ತಿದ್ದರೆಂದು ಕ್ಯಾಂಬೆಲ್ ಆಕ್ಷೇಪಿಸುತ್ತಾನೆ. ಇಷ್ಟು ಕಡಿಮೆ ಮಕ್ಕಳು ಓದುತ್ತಿರುವುದಕ್ಕೆ ಆತ ಕೊಡುವ ಕಾರಣವೂ ಗಮನಾರ್ಹವಾದುದು: ದೇಶದಲ್ಲಿ ಬಡತನ ಕ್ರಮಕ್ರಮವಾಗಿ ಹೆಚ್ಚುತ್ತಿರುವುದು, ಯೂರೋಪಿನ ಬಟ್ಟೆ ಬಂದು ಇಲ್ಲಿಯ ನೇಯ್ಗೆಯವರ ಜೀವನೋಪಾಯವನ್ನು ಕುಗ್ಗಿಸಿರುವುದು, ಕೂಸುಗಳ ಕೈಯ ದುಡಿಮೆಯೂ ಮನೆಗೆ ಬೇಕಾಗಿರುವುದು. ಕುಂಪಣಿಯ ಅಧಿಕಾರಿಯೊಬ್ಬನು ತನ್ನ ಸರಕಾರಕ್ಕೇ ಬರೆದ ಮಾತು ಇದೆಂಬುದನ್ನು ನೆನೆದಾಗ, ಅದರ ತೂಕ ಇನ್ನೂ ಹೆಚ್ಚುತ್ತದೆ.

ನಾನು ಹೇಳಬೇಕಾದ ಮಾತು ಇಷ್ಟು: ಹಳೆಯ ಶಾಲೆ ಕೆಲವೇ ಮಕ್ಕಳಿಗೆ ಇಡಿಯ ಉಪಾಧ್ಯಾಯನನ್ನು ಕೊಟ್ಟಿತು, ಇಂದಿನ ಶಾಲೆ ಎಲ್ಲ ಮಕ್ಕಳನ್ನೂ ಒಳಗೆ ಕರೆದುಕೊಂಡಿತು, ಆದರೆ ಅವರ ಪಾಲಿಗೆ ಸಲ್ಲಬೇಕಾಗಿದ್ದ ಉಪಾಧ್ಯಾಯನ ಹೊತ್ತನ್ನು ಬೇರೆ ಬೇರೆ ಕೆಲಸಗಳಿಗೆ ಹಂಚಿಬಿಟ್ಟಿತು. ಮೊದಲನೆಯ ಸ್ಥಿತಿಗೆ ಹಿಂದಿರುಗಬೇಕೆಂದು ಬಯಸುವುದು ಅನ್ಯಾಯ. ಎರಡನೆಯದನ್ನು ಇದ್ದಂತೆಯೇ ಒಪ್ಪಿಕೊಂಡು ಸುಮ್ಮನಿರುವುದೂ ಅನ್ಯಾಯವೇ.

ಶಾಲೆಯ ಬಾಗಿಲು ತೆರೆದುದು ಒಮ್ಮೆಗೇ ಅಲ್ಲ. ಮೈಸೂರು ಸೀಮೆಯಲ್ಲಿ ಬಿ. ಎಲ್. ರೈಸ್ ಅವರ ಯೋಜನೆಯಂತೆ 1868ರಲ್ಲಿ ಹೋಬಳಿ ಶಾಲೆಗಳು ಹುಟ್ಟಿಕೊಂಡವು. ಧಾರವಾಡದ ಕಡೆ, ಕನ್ನಡ ಮಕ್ಕಳಿಗೂ ಮರಾಠಿಯಲ್ಲಿಯೇ ಪಾಠ ನಡೆಯುತ್ತಿದ್ದ ಕಾಲದಲ್ಲಿ, ಡೆಪ್ಯುಟಿ ಚನ್ನಬಸಪ್ಪನವರು ಊರೂರಿಗೆ ಹೋಗಿ ಕನ್ನಡ ಶಾಲೆಗಳನ್ನು ತೆರೆಯಿಸಿ, ಅವುಗಳಿಗೆ ಬೇಕಾದ ಮಾಸ್ತರರನ್ನು ತರಬೇತುಗೊಳಿಸಿದರು. 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ ಆರಂಭವಾಯಿತು. 1892ರಲ್ಲಿ ಮಂಗಳೂರಿನ ಕುದ್ಮುಲ್ ರಂಗರಾಯರು ಅಸ್ಪೃಶ್ಯರೆನಿಸಿದ್ದವರ ಮಕ್ಕಳಿಗಾಗಿ ಶಾಲೆಯನ್ನು ತೆರೆದಾಗ, ಪಾಠ ಹೇಳಲು ಒಪ್ಪುವ ಉಪಾಧ್ಯಾಯರು ದೊರೆಯುವುದೇ ಕಷ್ಟವಾಯಿತು. ಸ್ವಜಾತಿಯವರ ಬಹಿಷ್ಕಾರವನ್ನು ಸಹಿಸಿಯೂ ಅವರು ಹಿಡಿದ ಕಾರ್ಯವನ್ನು ಬಿಡಲಿಲ್ಲ. 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದಿತು. ಹೈದರಾಬಾದ್ ಸಂಸ್ಥಾನದ ಕಲಬುರಗಿ, ರಾಯಚೂರು, ಬೀದರುಗಳ ಕನ್ನಡ ಮಕ್ಕಳಾದರೋ ಇನ್ನೂ ಬಹುಕಾಲ ಉರ್ದುವಿನ ಮೂಲಕವೇ ಓದಬೇಕಾಗಿದ್ದಿತು.

ಹೀಗೆ ಹುಟ್ಟಿದ ಸರಕಾರೀ ಶಾಲೆಯಲ್ಲಿ ಐಗಳು ಮೇಷ್ಟರಾದರು. ತಿಂಗಳ ಸಂಬಳ ಬಂದಿತು, ಅದರೊಡನೆ ಹಾಜರಿ ಪುಸ್ತಕ, ವೇಳಾಪಟ್ಟಿ, ಗಂಟೆ, ಒಂದನೆಯ ಪುಸ್ತಕ ಎರಡನೆಯ ಪುಸ್ತಕವೆಂಬ ತರಗತಿಗಳ ವಿಭಾಗ, ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರರ ತಪಾಸಣೆ ಇವೆಲ್ಲವೂ ಬಂದುವು. ಕಡತದ ಸ್ಥಾನವನ್ನು ಮರದ ಚೌಕಟ್ಟಿನ ಕಲ್ಲಿನ ಸ್ಲೇಟು ಆಕ್ರಮಿಸಿತು. ಉತ್ತರದ ಜಿಲ್ಲೆಗಳಲ್ಲಿ ಅದಕ್ಕೆ ಪಾಟಿಯೆಂದು ಹೆಸರು. ಒಂದೇ ವಯಸ್ಸಿನವರನ್ನು ಒಂದೇ ಸಾಲಿನಲ್ಲಿ ಕೂರಿಸಿ, ಎಲ್ಲರಿಗೂ ಒಂದೇ ಪಾಠವನ್ನು ಒಂದೇ ದಿನ ಹೇಳುವ ಪದ್ಧತಿ ಬಂದಮೇಲೆ, ಹಿರಿಯ ಹುಡುಗನು ಕಿರಿಯನಿಗೆ ಕಲಿಸುವ ಹಳೆಯ ರೂಢಿ ಶಾಸ್ತ್ರಕ್ಕೆ ಮಾತ್ರ ಉಳಿದು, ಕ್ಲಾಸಿನ ಮಾನಿಟರನೆಂದರೆ ಗಲಾಟೆ ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವವನು ಎಂಬಲ್ಲಿಗೆ ಬಂದು ನಿಂತಿತು. ಇದನ್ನು ದೊಡ್ಡ ನಷ್ಟವೆಂದೇ ನಾನು ಎಣಿಸುತ್ತೇನೆ.

ಆದರೂ ಇಪ್ಪತ್ತನೆಯ ಶತಮಾನದ ಮೊದಲ ಅರುವತ್ತು ಎಪ್ಪತ್ತು ವರ್ಷಗಳ ಕನ್ನಡ ಮೇಷ್ಟರನ್ನು ನೆನೆದರೆ ಕೈ ತಾನಾಗಿ ಮುಗಿಯುತ್ತದೆ. ಮೈಸೂರಿನ ಕಡೆ ಲೋಯರ್ ಸೆಕೆಂಡರಿಯನ್ನೋ, ಮುಂಬಯಿ ಪ್ರಾಂತದ ಕಡೆ ಮುಲ್ಕಿ ಪರೀಕ್ಷೆಯನ್ನೋ ಮುಗಿಸಿ, ಅತ್ಯಲ್ಪ ವೇತನಕ್ಕೆ ಕೆಲಸಕ್ಕೆ ಸೇರಿ, ಬಸ್ಸು ಕಾಣದ ಊರಿನಲ್ಲಿ ಬಾಡಿಗೆಯ ಕೋಣೆಯೊಂದನ್ನು ಹಿಡಿದು, ಅಲ್ಲಿಯೇ ಸಂಸಾರ ಹೂಡಿದವರು ಅವರು. ಏಕೋಪಾಧ್ಯಾಯ ಶಾಲೆಯ ನಾಲ್ಕು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ಸಂಭಾಳಿಸುವುದಲ್ಲದೆ, ಎಷ್ಟೋ ಊರುಗಳಲ್ಲಿ ಅಂಚೆಯ ಕೆಲಸವೂ ಅವರದೇ. ಪಟ್ಟಣಕ್ಕೆ ದುಡಿಯಲು ಹೋದ ಮಗನಿಗೆ ತಾಯಿ ಹೇಳಿ ಬರೆಯಿಸುವ ಕಾಗದವನ್ನು ಬರೆಯುವವರೂ, ಅವನಿಂದ ಬಂದ ಮನಿಯಾರ್ಡರಿನ ತುದಿಯ ನಾಲ್ಕು ಸಾಲನ್ನು ಓದಿಹೇಳುವವರೂ ಅವರೇ. ಕ್ರಯಪತ್ರದ ಒಕ್ಕಣೆಗೆ, ನಾಟಕದ ತಾಲೀಮಿಗೆ, ಗ್ರಹಣದ ಹೊತ್ತನ್ನು ಪಂಚಾಂಗದಲ್ಲಿ ನೋಡಿ ಹೇಳುವುದಕ್ಕೆ, ಎಲ್ಲದಕ್ಕೂ ಮೇಷ್ಟರೇ ಬೇಕು. ಸಂಜೆ ನಾಲ್ಕರ ಮೇಲೆ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಬ್ಬ ಹುಡುಗ ಮುಂದೆ ನಿಂತು ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನು ರಾಗವಾಗಿ ಹೇಳಿಕೊಡಲು, ಉಳಿದವರೆಲ್ಲ ಒಕ್ಕೊರಲಿನಿಂದ ಹೇಳುತ್ತಿದ್ದ ಆ ಧ್ವನಿ ಹೊಲದಲ್ಲಿದ್ದವರಿಗೂ ಕೇಳಿಸುತ್ತಿದ್ದಿತು. ಶಾಲೆಯ ಮೆಟ್ಟಿಲನ್ನು ಹತ್ತದ ದನಗಾಹಿ ಹುಡುಗನೂ ಹೀಗೆ ಹೊರಗಿನಿಂದಲೇ ಹತ್ತರ ಮಗ್ಗಿಯವರೆಗೆ ಕಲಿತುಬಿಡುತ್ತಿದ್ದುದುಂಟು.

ಈ ಬಡ ಉಪಾಧ್ಯಾಯರ ಸಾಲಿನಿಂದಲೇ ನಮ್ಮ ಸಾಹಿತ್ಯದ ಬಹುದೊಡ್ಡ ಭಾಗ ಬಂದಿತೆಂಬುದನ್ನು ಮರೆಯಬಾರದು. 1901ರಲ್ಲಿ ಮೂವತ್ತು ದಾಟಿದ ಕೂಡಲೆ ಕ್ಷಯಕ್ಕೆ ತುತ್ತಾದ ನಂದಳಿಕೆಯ ಲಕ್ಷ್ಮೀನಾರಣಪ್ಪ, ಎಂದರೆ ನಮ್ಮ ಮುದ್ದಣ, ಉಡುಪಿಯ ಶಾಲೆಯಲ್ಲಿ ಹುಡುಗರಿಗೆ ಕಸರತ್ತು ಕಲಿಸುವ ಮೇಷ್ಟರಾಗಿದ್ದರು. ತಮ್ಮ ಕಾವ್ಯಗಳನ್ನು ಹಳೆಯ ಹಸ್ತಪ್ರತಿಗಳೆಂದು ಹೇಳಿ ಅಚ್ಚಿಗೆ ಕಳುಹಿಸಿದರು. ಮಕ್ಕಳ ಪದ್ಯಗಳನ್ನೂ ಕಥೆಗಳನ್ನೂ ಕನ್ನಡಕ್ಕೆ ತಂದುಕೊಟ್ಟ ಪಂಜೆ ಮಂಗೇಶರಾಯರು ಶಾಲಾ ಇನ್‌ಸ್ಪೆಕ್ಟರರಾಗಿದ್ದವರು. ತಪಾಸಣೆಗೆ ಬರುವ ಅಧಿಕಾರಿಯೇ ಮಕ್ಕಳ ಕವಿಯೂ ಆಗಿದ್ದ ಕಾಲವೊಂದು ನಮ್ಮಲ್ಲಿ ಇದ್ದಿತು. ಬೇಂದ್ರೆಯವರು ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತರುಣ ಉಪಾಧ್ಯಾಯರು ಕೂಡಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯನ್ನು ಕಟ್ಟಿದರು; ಅವರನ್ನು ಸಪ್ತರ್ಷಿಗಳೆಂದು ಆ ಭಾಗದ ಜನ ಇಂದಿಗೂ ನೆನೆಯುತ್ತಾರೆ. ಶಾಲೆಯಲ್ಲಿ ಪಾಠ ಹೇಳುವವನಿಗೆ ಓದುವುದಕ್ಕೆ, ಬರೆಯುವುದಕ್ಕೆ, ಸಂಸ್ಥೆಗಳನ್ನು ಕಟ್ಟುವುದಕ್ಕೆ ಮನಸ್ಸಿನಲ್ಲಿಯೂ ದಿನಚರಿಯಲ್ಲಿಯೂ ಎಡೆಯಿದ್ದಿತು, ಹಣವೊಂದು ಇರಲಿಲ್ಲ.

ವಿದ್ಯಾರ್ಥಿಯ ಜೀವನವಾದರೋ ತಪಸ್ಸಿಗೆ ಸಮಾನವಾದುದು. ಪ್ರಾಥಮಿಕ ಶಾಲೆ ಮುಗಿದ ಮೇಲೆ ಓದಬೇಕೆಂದರೆ ಊರು ಬಿಡಬೇಕು. ಪಟ್ಟಣದಲ್ಲಿ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರಾನ್ನವನ್ನು ಗೊತ್ತುಮಾಡಿಕೊಳ್ಳಬೇಕು. ಯಾವ ಮನೆಯೂ ಒಪ್ಪದ ದಿನ ತಣ್ಣೀರು ಕುಡಿದು ಮಲಗಬೇಕು. ವಾರಾನ್ನವೂ ಎಲ್ಲ ಜಾತಿಯ ಮಕ್ಕಳಿಗೆ ದೊರೆಯುತ್ತಿರಲಿಲ್ಲ. ಆ ಕೊರತೆಯನ್ನು ತುಂಬಲು ಸಿದ್ಧಗಂಗೆ, ಸುತ್ತೂರು, ಧಾರವಾಡದ ಮುರುಘಾಮಠ ಮೊದಲಾದ ಮಠಗಳೂ, ನಾನಾ ಸಮಾಜಗಳ ಉಚಿತ ವಿದ್ಯಾರ್ಥಿನಿಲಯಗಳೂ ಮುಂದೆ ಬರದಿದ್ದರೆ, ಇಂದು ನಾವು ಗೌರವದಿಂದ ಹೆಸರಿಸುವ ಎಷ್ಟೋ ಮಂದಿ ಎತ್ತಿನ ಹಿಂದೆಯೇ ಉಳಿಯುತ್ತಿದ್ದರು. ಗೌರಿಬಿದನೂರಿನ ಹತ್ತಿರದ ಹೊಸೂರಿನ ಬಡಹುಡುಗ ಎಚ್. ನರಸಿಂಹಯ್ಯನವರು 1935ರಲ್ಲಿ ನ್ಯಾಷನಲ್ ಹೈಸ್ಕೂಲಿಗೆ ಸೇರಲು ಬೆಂಗಳೂರಿಗೆ ನಡೆದೇ ಬಂದರು. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರ ಬೈಸಿಕಲ್ಲು ಕೊಡಲು ಆರಂಭಿಸಿದಾಗ, ಪಕ್ಕದ ಊರಿನ ಹೈಸ್ಕೂಲಿಗೆ ಸಾಲಾಗಿ ಸೈಕಲ್ ತುಳಿಯುತ್ತ ಹೋಗುವ ಹೆಣ್ಣುಮಕ್ಕಳನ್ನು ಕಂಡ ಹಿರಿಯರು ಏಕೆ ನಿಂತು ನೋಡುತ್ತಿದ್ದರೆಂಬುದು ಈ ದೂರವನ್ನು ಕಾಲಿನಲ್ಲಿ ಅಳೆದವರಿಗೆ ಮಾತ್ರ ತಿಳಿದೀತು. ಕ್ಯಾಂಬೆಲ್ ಶಾಲೆಗಳಲ್ಲಿ ಅರುವತ್ತು ಹುಡುಗಿಯರನ್ನು ಮಾತ್ರ ಕಂಡಿದ್ದ ನಾಡಿನಲ್ಲಿ ಇಂದು ವರ್ಷವರ್ಷವೂ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಬಾಲಕಿಯರದೇ ಮೇಲುಗೈ; ಕಿರಿಯ ತರಗತಿಗಳಲ್ಲಿ ಪಾಠ ಹೇಳುವವರಲ್ಲಿಯೂ ಶಿಕ್ಷಕಿಯರೇ ಹೆಚ್ಚು.

ಬೆತ್ತದ ವಿಚಾರವಾಗಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಮೇಷ್ಟರ ಹೊಡೆತ ತಿಂದುದರಿಂದಲೇ ನಾವು ಮನುಷ್ಯರಾದೆವೆಂದು ಅಭಿಮಾನದಿಂದ ಹೇಳಿಕೊಳ್ಳುವವರು ಇಂದಿಗೂ ಬಹಳ ಮಂದಿ ಇದ್ದಾರೆ. ಹೊಡೆತಕ್ಕೆ ಹೆದರಿ ಶಾಲೆ ಬಿಟ್ಟು ಹೋದವರ ಮಾತನ್ನು ಕೇಳುವವರು ಯಾರು? ಅವರು ಭಾಷಣ ಮಾಡುವ ಸ್ಥಾನಕ್ಕೆ ಬರಲಿಲ್ಲ. ಕೂಲಿಗೋ ದನ ಕಾಯುವುದಕ್ಕೋ ಹೋದರು. 2009ರ ಶಿಕ್ಷಣ ಹಕ್ಕು ಕಾಯಿದೆ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು, ತನ್ನ ಹದಿನೇಳನೆಯ ಪ್ರಕರಣದಲ್ಲಿ ಮಗುವನ್ನು ಹೊಡೆಯುವುದನ್ನೂ ಮನಸ್ಸು ನೋಯುವಂತೆ ಹಿಂಸಿಸುವುದನ್ನೂ ನಿಷೇಧಿಸಿತು. ನಮ್ಮ ಶಾಲೆಗಳಲ್ಲಿ ಇನ್ನೂರು ವರ್ಷಗಳಲ್ಲಿ ಆದ ಮಾರ್ಪಾಡುಗಳಲ್ಲಿ ಇದಕ್ಕಿಂತ ಹಿರಿದಾದುದನ್ನು ನಾನು ಕಾಣೆನು. ಗುರುಗಳೆಂದರೆ ಗೋಡೆಯ ಮರೆಗೆ ಸರಿಯುತ್ತಿದ್ದ ಮಗು ಇಂದು ಶಿಕ್ಷಕಿಯ ಸೆರಗನ್ನು ಜಗ್ಗಿ, “ಮಿಸ್, ನಂದು ಬರ್ದಾಯ್ತು, ನೋಡಿ” ಎನ್ನುತ್ತದೆ. ಭಯ ಹೋದಲ್ಲಿ ಭಕ್ತಿಯೂ ಹೋಯಿತೆಂದು ಕೊರಗುವವರು ಒಮ್ಮೆ ಆ ಮಗುವಿನ ಮುಖವನ್ನು ನೋಡಬೇಕು.

ಹಾಗಾದರೆ ಕೆಟ್ಟುದು ಏನು? ರಸ್ತೆಗಳಾದುವು, ಬಸ್ಸುಗಳು ಬಂದುವು; ಉಪಾಧ್ಯಾಯರು ತಮ್ಮ ಮಕ್ಕಳ ವಿದ್ಯಾಭ್ಯಾಸದ ಅನುಕೂಲಕ್ಕಾಗಿ ತಾಲ್ಲೂಕಿನ ಪಟ್ಟಣದಲ್ಲಿ ಮನೆ ಮಾಡಿ, ಬೆಳಗ್ಗೆ ಬಂದು ಸಂಜೆ ಹೋಗುವವರಾದರು. ಇದರಲ್ಲಿ ಅವರ ತಪ್ಪನ್ನು ಹುಡುಕುವುದು ಸರಿಯಲ್ಲ, ಹಳ್ಳಿಯ ವೈದ್ಯನೂ ಗ್ರಾಮಲೆಕ್ಕಿಗನೂ ಹಾಗೆಯೇ ಮಾಡಿದರು. ಊರಿನ ಉಳ್ಳವರೋ, ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯ ಹಳದಿ ವ್ಯಾನು ಬಾಗಿಲಿಗೇ ಬಂದು ನಿಲ್ಲತೊಡಗಿದ ಮೇಲೆ, ತಮ್ಮ ಮಕ್ಕಳನ್ನು ಅದರಲ್ಲಿ ಕಳುಹಿಸಿ, ಊರ ಶಾಲೆಯ ಯೋಗಕ್ಷೇಮವನ್ನು ಮರೆತರು. ಉಪಾಧ್ಯಾಯರೂ ಊರಿನವರಲ್ಲ, ಊರಿನ ಹಿರಿಯರೂ ಶಾಲೆಯವರಲ್ಲ; ನಡುವೆ ಉಳಿದವರು, ಮನೆಯಲ್ಲಿ ಓದಿಸುವವರಿಲ್ಲದ, ಎಷ್ಟೋ ವೇಳೆ ಅವರ ಕುಲದಲ್ಲಿಯೇ ಮೊದಲ ಬಾರಿಗೆ ಪಾಟಿಚೀಲ ಹೊತ್ತ ಮಕ್ಕಳು. ಉಪಾಧ್ಯಾಯರ ಹೊತ್ತು ಅತ್ಯಂತ ಹೆಚ್ಚಾಗಿ ಬೇಕಾದುದು ಇವರಿಗೇ.

ಆ ಹೊತ್ತು ಎಲ್ಲಿ ಹೋಗುತ್ತದೆಂದು ನೋಡಬೇಕಾದರೆ ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯೋಪಾಧ್ಯಾಯರ ಮೇಜಿನ ಬಳಿ ಒಂದು ಬೆಳಗ್ಗೆ ಕುಳಿತರೆ ಸಾಕು. 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ನಾಡಿಗೆಲ್ಲ ಹಬ್ಬಿದ ಅಕ್ಷರದಾಸೋಹದ ಬಿಸಿಯೂಟ, 2013ರ ಕ್ಷೀರಭಾಗ್ಯದ ಹಾಲು, ಇವು ಪುಣ್ಯಕಾರ್ಯಗಳು. ಹಸಿದ ಮಗುವಿಗೆ ಪಾಠ ಹತ್ತುವುದಿಲ್ಲವೆಂಬ ಸತ್ಯವನ್ನು ವಾರಾನ್ನದ ನಾಡು ಬಹಳ ತಡವಾಗಿಯಾದರೂ ಒಪ್ಪಿಕೊಂಡುದರ ಫಲ. ಆದರೆ ಇಂದು ಎಷ್ಟು ಮಕ್ಕಳು ಉಂಡರು, ಅಕ್ಕಿ ಬೇಳೆ ಎಣ್ಣೆ ಎಷ್ಟು ಖರ್ಚಾಯಿತು, ಹಾಲಿನ ಪುಡಿ ಎಷ್ಟು ಉಳಿದಿದೆ, ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತೆಗೆದುಕೊಂಡವರೆಷ್ಟು ಎಂಬ ಲೆಕ್ಕವನ್ನು ಬರೆಯುವವರು ಯಾರು? ಪಾಠ ಹೇಳಬೇಕಾದವರೇ. ಸಮವಸ್ತ್ರ, ಶೂ, ಪಠ್ಯಪುಸ್ತಕಗಳ ಬೇಡಿಕೆ ಪಟ್ಟಿ. ವಿದ್ಯಾರ್ಥಿವೇತನಕ್ಕೆ ಮಗುವಿನ ಆಧಾರ್ ಸಂಖ್ಯೆಯೂ ಬ್ಯಾಂಕಿನ ಖಾತೆಯೂ ಹೊಂದಿಕೊಳ್ಳದೆ ಹೋದರೆ ತಂದೆತಾಯಿಗಳನ್ನು ಕರೆಯಿಸಿ ಸರಿಪಡಿಸುವುದು. ಪ್ರತಿಯೊಂದು ಮಗುವಿನ ವಿವರವನ್ನೂ ಅಂಕಗಳನ್ನೂ ಆನ್‌ಲೈನಿನಲ್ಲಿ ಏರಿಸುವುದು. ಮೊಬೈಲಿನ ವ್ಯಾಟ್ಸ್‌ಆ್ಯಪ್ ಗುಂಪಿಗೆ ಹತ್ತು ಗಂಟೆಗೆ ಬಂದ ಆದೇಶಕ್ಕೆ ಹನ್ನೆರಡರೊಳಗೆ ಮಾಹಿತಿ ಕಳುಹಿಸುವುದು. ಮತದಾರರ ಪಟ್ಟಿಯನ್ನು ಹಿಡಿದು ಮನೆಮನೆಗೆ ಅಲೆಯುವುದು. ಶಿಕ್ಷಣ ಹಕ್ಕು ಕಾಯಿದೆಯ ಇಪ್ಪತ್ತೇಳನೆಯ ಪ್ರಕರಣವು ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಬಿಟ್ಟು ಬೇರಾವ ಶಿಕ್ಷಣೇತರ ಕಾರ್ಯಕ್ಕೂ ಉಪಾಧ್ಯಾಯರನ್ನು ನಿಯೋಜಿಸಬಾರದೆಂದು ವಿಧಿಸುತ್ತದೆ. ಶಾಲೆಯ ನಾಲ್ಕು ಗೋಡೆಗಳ ಒಳಗೇ ಹೀಗೆ ಬೆಳೆದುನಿಂತ ಗುಮಾಸ್ತಿಕೆಯನ್ನು ಕುರಿತು ಆ ಪ್ರಕರಣಕ್ಕೆ ಹೇಳಲು ಏನೂ ಇಲ್ಲ.

ಉಪಾಧ್ಯಾಯರ ಹೊತ್ತು ಮಕ್ಕಳಿಗೇ ದೊರೆತಾಗ ಏನಾಗಬಹುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವಿದೆ. 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರಕಾರೀ ಶಾಲೆಗಳ ಉಪಾಧ್ಯಾಯರು, ಯುನಿಸೆಫ್ ಸಂಸ್ಥೆಯ ನೆರವಿನಿಂದ ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿಯ ಹಳ್ಳಿಶಾಲೆಗಳಲ್ಲಿ ನಡೆಯುತ್ತಿದ್ದ ಕ್ರಮವನ್ನು ಕಂಡುಬಂದು, ತಮ್ಮ ಕಾಡಂಚಿನ ಮಕ್ಕಳಿಗೆ ಒಪ್ಪುವಂತೆ ತಾವೇ ಕುಳಿತು ಕಾರ್ಡುಗಳನ್ನು ಬರೆದು, ಹಾಡು ಕಟ್ಟಿ, ನಲಿಕಲಿ ಎಂಬ ಪದ್ಧತಿಯನ್ನು ರೂಪಿಸಿದರು. 2009–10ರ ಹೊತ್ತಿಗೆ ಅದು ರಾಜ್ಯದ ಸರಕಾರೀ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಬಂದಿತು.

ಆ ಕೊಠಡಿಯಲ್ಲಿ ಬೆಂಚುಗಳಿಲ್ಲ. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಕೂಡಿಯೇ ನೆಲದ ಮೇಲೆ ಗುಂಪುಗುಂಪಾಗಿ ಕುಳಿತಿರುತ್ತಾರೆ. ಗೋಡೆಯ ಸುತ್ತಲೂ ಮಗುವಿನ ಕೈಗೆಟಕುವ ಎತ್ತರದಲ್ಲಿ ಕಪ್ಪು ಹಲಗೆ ಬಳಿದಿರುತ್ತದೆ. ಅದರಲ್ಲಿ ಒಂದೊಂದು ಚೌಕ ಒಂದೊಂದು ಮಗುವಿನದು. ತಲೆಯ ಮೇಲೆ ತಂತಿಗಳನ್ನು ಅಡ್ಡಡ್ಡಲಾಗಿ ಕಟ್ಟಿದ ಚಪ್ಪರ, ಅದರಿಂದ ಜೋಲುವ ಮಕ್ಕಳ ಚಿತ್ರಗಳು. ಮಗು ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾನು ನಿಂತಿರುವ ಮೆಟ್ಟಿಲನ್ನು ತಾನೇ ನೋಡಿಕೊಂಡು, ಅದಕ್ಕೆ ಸರಿಯಾದ ಕಾರ್ಡನ್ನು ತಟ್ಟೆಯಿಂದ ಎತ್ತಿಕೊಂಡು, ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಒಂದು ಗುಂಪು ಪೂರ್ಣವಾಗಿ ಶಿಕ್ಷಕಿಯ ಬಳಿ, ಇನ್ನೊಂದಕ್ಕೆ ಆಕೆಯ ಅರೆ ಸಹಾಯ, ಮತ್ತೊಂದರಲ್ಲಿ ಬಲ್ಲ ಮಗು ಅರಿಯದ ಮಗುವಿಗೆ ಹೇಳಿಕೊಡುವುದು, ಕಡೆಯದರಲ್ಲಿ ಒಬ್ಬೊಬ್ಬರೇ ಕುಳಿತು ಅಭ್ಯಾಸ ಮಾಡುವುದು. ಮನೆಯ ಕಷ್ಟದಿಂದ ಹದಿನೈದು ದಿನ ಶಾಲೆಗೆ ಬಾರದಿದ್ದ ಮಗು ಮರಳಿ ಬಂದಾಗ, ತರಗತಿಯ ಹಿಂದೆ ಏದುಸಿರು ಬಿಡುತ್ತ ಓಡಬೇಕಾಗಿಲ್ಲ. ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹತ್ತಬಹುದು. ಎಗ್ಮೋರಿನಿಂದ ಹಡಗು ಹತ್ತಿ ಹೋಗಿದ್ದ ನಮ್ಮ ಐಗಳ ಪದ್ಧತಿ, ಕೋದಂಡವನ್ನೂ ಕುಲಭೇದವನ್ನೂ ಹೊರಗೆ ಬಿಟ್ಟು, ಕಾಡಂಚಿನ ಮಕ್ಕಳ ನಡುವೆ ಮತ್ತೆ ಬಂದು ಕುಳಿತಂತೆ ನನಗೆ ಇದು ತೋರುತ್ತದೆ.

ಆದರೆ ಈ ಪದ್ಧತಿ ಬಾಳುವುದು ಶಿಕ್ಷಕಿ ಆ ಕೊಠಡಿಯನ್ನು ಬಿಟ್ಟು ಏಳದಿದ್ದಾಗ ಮಾತ್ರ. ಹಲಗೆಗೆ ಬರೆದುಬಿಟ್ಟು ಇದನ್ನು ಕಾಪಿಮಾಡಿ ಎಂದು ಹೇಳಿ ಹೊರಗೆ ಹೋಗುವುದು ಹಳೆಯ ತರಗತಿಯಲ್ಲಿ ಹೇಗೋ ಸಾಗುತ್ತಿದ್ದಿತು. ನಾಲ್ಕು ಗುಂಪುಗಳು ನಾಲ್ಕು ಬೇರೆ ಬೇರೆ ಮೆಟ್ಟಿಲುಗಳಲ್ಲಿ ಇರುವಾಗ ಆಕೆ ಅರ್ಧ ಗಂಟೆ ಮಾಹಿತಿ ತುಂಬಲು ಹೋದರೆ, ಕಾರ್ಡುಗಳು ಬರಿಯ ರಟ್ಟಿನ ಚೂರುಗಳಾಗುತ್ತವೆ. ನಲಿಕಲಿ ಫಲ ಕೊಡಲಿಲ್ಲವೆಂದು ದೂರುವ ಅನೇಕರು ಈ ಒಂದು ಅಂಶವನ್ನು ಪರಿಶೀಲಿಸಿದಂತೆ ಕಾಣುವುದಿಲ್ಲ.

2020ರಲ್ಲಿ ಕೊರೊನಾ ವ್ಯಾಧಿಯಿಂದ ಶಾಲೆಗಳ ಬಾಗಿಲು ಮುಚ್ಚಿ, ಪಟ್ಟಣದ ಮಕ್ಕಳು ಫೋನಿನ ಮುಂದೆ ಕುಳಿತು ಪಾಠ ಕೇಳುತ್ತಿದ್ದಾಗ, ಫೋನಿಲ್ಲದ ಮಕ್ಕಳಿಗಾಗಿ ಸರಕಾರ ವಿದ್ಯಾಗಮವೆಂಬ ಏರ್ಪಾಡನ್ನು ಮಾಡಿತು. ಉಪಾಧ್ಯಾಯರು ಕೇರಿಕೇರಿಗೆ ಹೋದರು. ದೇವಸ್ಥಾನದ ಕಟ್ಟೆ, ಸಮುದಾಯ ಭವನ, ಹೊಂಗೆಯ ನೆರಳು ಎಲ್ಲಿ ಸಿಕ್ಕರೆ ಅಲ್ಲಿ ಏಳೆಂಟು ಮಕ್ಕಳನ್ನು ದೂರದೂರ ಕೂರಿಸಿ ಪಾಠ ಹೇಳಿದರು. ಸೋಂಕಿನ ಭಯ ಹೆಚ್ಚಿ ಕೆಲವೇ ತಿಂಗಳಲ್ಲಿ, ಅದೇ ವರ್ಷದ ಅಕ್ಟೋಬರಿನಲ್ಲಿ, ಅದನ್ನು ನಿಲ್ಲಿಸಬೇಕಾಯಿತು, ನಿಲ್ಲಿಸಿದುದೂ ಸರಿಯೇ. ಆದರೆ ಆ ದಿನಗಳಲ್ಲಿ ಹಲವಾರು ಉಪಾಧ್ಯಾಯರು ತಮ್ಮ ಶಿಷ್ಯರ ಮನೆಯ ಹೊಸ್ತಿಲನ್ನು ಮೊದಲ ಬಾರಿಗೆ ಕಂಡರು. ಎಲ್ಲಿ ಕುಳಿತು ಮಗು ಓದುತ್ತದೆ, ಅಲ್ಲಿ ದೀಪವಿದೆಯೇ, ತಾಯಿ ಕೂಲಿಗೆ ಹೋದಾಗ ತಮ್ಮನನ್ನು ಎತ್ತಿಕೊಳ್ಳುವವರು ಯಾರು ಎಂಬುದು ಅವರಿಗೆ ತಿಳಿಯಿತು. ತರಗತಿಯಲ್ಲಿ ತೂಕಡಿಸುವ ಹುಡುಗಿಯನ್ನು ಇನ್ನು ಮುಂದೆ ಗದರಿಸಲಾರೆನೆಂದು ಪರಿಚಿತ ಶಿಕ್ಷಕಿಯೊಬ್ಬರು ನನ್ನೊಡನೆ ಹೇಳಿದರು. ಆ ಹುಡುಗಿ ನಸುಕಿನಲ್ಲಿ ನಾಲ್ಕಕ್ಕೆ ಎದ್ದು ರೇಷ್ಮೆಹುಳುವಿಗೆ ಸೊಪ್ಪು ಹಾಕುವುದನ್ನು ಅವರು ಕಣ್ಣಾರೆ ಕಂಡಿದ್ದರು.

ಉಪಾಧ್ಯಾಯರ ಹೊತ್ತನ್ನು ಮಕ್ಕಳಿಗೆ ಮರಳಿಸುವ ದಾರಿಯೂ ಇದೆ. ಹೈಸ್ಕೂಲುಗಳಲ್ಲಿ ಗುಮಾಸ್ತರ ಹುದ್ದೆಯಿದೆ. ಪ್ರಾಥಮಿಕ ಶಾಲೆಗಳಲ್ಲಿ ಇಲ್ಲ. ಅಕ್ಕಪಕ್ಕದ ಹಲವು ಶಾಲೆಗಳನ್ನು ಕೂಡಿಸಿ ಕ್ಲಸ್ಟರುಗಳನ್ನು ಈಗಾಗಲೇ ಮಾಡಿರುವುದರಿಂದ, ಕ್ಲಸ್ಟರಿಗೊಬ್ಬ ಗುಮಾಸ್ತನನ್ನು ನೇಮಿಸಿ, ಊಟದ ಲೆಕ್ಕ, ವಿದ್ಯಾರ್ಥಿವೇತನ, ಆನ್‌ಲೈನ್ ಮಾಹಿತಿ ಇವೆಲ್ಲವನ್ನೂ ಅವನಿಗೆ ಒಪ್ಪಿಸುವುದು ಅಸಾಧ್ಯವಾದ ಕಾರ್ಯವೇನೂ ಅಲ್ಲ. ಅದರೊಡನೆ, ಶಾಲೆಯ ಅವಧಿಯಾದ ಹತ್ತರಿಂದ ನಾಲ್ಕೂವರೆಯವರೆಗೆ ಯಾವ ಕಚೇರಿಯೂ ಉಪಾಧ್ಯಾಯರಿಂದ ಯಾವ ಮಾಹಿತಿಯನ್ನೂ ಕೇಳತಕ್ಕದ್ದಲ್ಲವೆಂದು ಒಂದು ಆಜ್ಞೆ ಹೊರಡಲಿ. ಶಾಲಾಭಿವೃದ್ಧಿ ಸಮಿತಿಯ ತಂದೆತಾಯಿಗಳು ಮುಂದಿನ ಸಭೆಯಲ್ಲಿ ಸುಣ್ಣಬಣ್ಣದ ಮಾತಿಗೆ ಮೊದಲು, ಕಳೆದ ತಿಂಗಳು ತಮ್ಮ ಮಕ್ಕಳ ಉಪಾಧ್ಯಾಯರು ಎಷ್ಟು ಗಂಟೆ ಪಾಠ ಹೇಳಿದರು, ಎಷ್ಟು ಗಂಟೆ ಲೆಕ್ಕ ಬರೆದರು ಎಂದು ಕೇಳಿ, ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಯಿಸಿ, ಅದರ ಒಂದು ನಕಲನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಲಿ.